ಗೊಬ್ಬರದ ಗುಂಡಿಯಿಂದ ತೆಂಗಿನ ಸುಳಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ತೆಂಗಿನ ತೋಟ ಇರುವವರು ಒಂದು ಸಲ ತಲೆಯೆತ್ತಿ ನೋಡಿ. ಬಿಚ್ಚಿಕೊಂಡ ಗರಿಗೆ ಯಾರೋ ಎರಡೂ ಪಕ್ಕ ಒಂದೇ ಅಳತೆಗೆ ಕತ್ತರಿ ಹಾಕಿದ ಹಾಗೆ ಕಾಣುತ್ತಿದೆಯಾ? ಅದು ಕುರುವಾಯಿ ದುಂಬಿಯ ಕೆಲಸ. ಗರಿ ಇನ್ನೂ ಸುಳಿಯೊಳಗೆ ಬೀಸಣಿಗೆಯಂತೆ ಮಡಚಿಕೊಂಡಿರುವಾಗಲೇ ಅದು ಅಡ್ಡಡ್ಡ ಕೊರೆದಿರುತ್ತದೆ. ಮಡಚಿದ ಕಾಗದವನ್ನು ಮಕ್ಕಳು ಕತ್ತರಿಸಿ ಬಿಡಿಸುತ್ತಾರಲ್ಲ, ಹಾಗೇ. ಅಂದರೆ ಇವತ್ತು ನಮಗೆ ಕಾಣುವ ಗಾಯ ಹಳೆಯದು. ದುಂಬಿ ಯಾವತ್ತೋ ಜಾಗ ಖಾಲಿ ಮಾಡಿರುತ್ತದೆ.

ಹಿಡಿದು ನೋಡಿದರೆ ಗಟ್ಟಿ ಆಸಾಮಿ. ಮೇಲೆ ಮಿರಿಮಿರಿ ಕಪ್ಪು, ಹೊಟ್ಟೆಯ ಕೆಳಗೆ ಕೆಂಗಂದು. ಉದ್ದ ಸುಮಾರು ನಾಲ್ಕು ಸೆಂಟಿಮೀಟರ್. ಬೆರಳ ನಡುವೆ ಒತ್ತಿದರೆ ಬುಸ್ ಅನ್ನುತ್ತದೆ. ಬಾಯಿಂದಲ್ಲ, ಹೊಟ್ಟೆಯನ್ನು ರೆಕ್ಕೆಯ ಕವಚಕ್ಕೆ ಉಜ್ಜಿ ಸದ್ದು ಮಾಡುತ್ತದೆ. ಮೊದಲ ಸಲ ಕೇಳಿದಾಗ ನಾನು ಅದನ್ನು ಕೈಬಿಟ್ಟು ಓಡಿದ್ದೆ!

ತಲೆಯ ಮೇಲೆ ಹಿಂದಕ್ಕೆ ಬಾಗಿದ ಕೊಂಬು. ಅದಕ್ಕೇ ಇದಕ್ಕೆ ಖಡ್ಗಮೃಗದ ಹೆಸರು. ಉದ್ದ ಕೊಂಬಿದ್ದರೆ ಗಂಡು, ಗಿಡ್ಡ ಇದ್ದರೆ ಹೆಣ್ಣು ಅನ್ನುತ್ತಾರೆ. ಇದು ಯಾವಾಗಲೂ ನಿಜವಲ್ಲ, ಗಿಡ್ಡ ಕೊಂಬಿನ ಗಂಡೂ ಇರುತ್ತವೆ. ಸುಮ್ನೆ ತಿರುಗಿಸಿ ಹಿಂತುದಿ ನೋಡಿ. ಅಲ್ಲಿ ಕೆಂಚು ಕೂದಲು ದಟ್ಟವಾಗಿದ್ದರೆ ಅದು ಹೆಣ್ಣು. ಮುಂಗಾಲಿನ ಅಂಚು ಗರಗಸದ ಹಾಗಿರುತ್ತದೆ. ಮೀಸೆಯ ತುದಿಯಲ್ಲಿ ಪುಟ್ಟ ಪುಟ್ಟ ಎಲೆಗಳಂಥ ಪದರ. ವಾಸನೆ ಹಿಡಿಯಬೇಕಾದಾಗ ಅವನ್ನು ಬೆರಳುಗಳಂತೆ ಅಗಲಿಸುತ್ತದೆ. ಸ್ಕ್ಯಾರಬ್ ಕುಲದ ದುಂಬಿಗಳಿಗೆಲ್ಲ ಇದೇ ಗುರುತು. ಗಂಡು ಬಿಡುವ ವಾಸನೆಗೆ ಗಂಡು, ಹೆಣ್ಣು ಎರಡೂ ಬರುತ್ತವೆ. ತೋಟದಲ್ಲಿ ಬಕೆಟ್ ತೂಗುಹಾಕಿ ಹಿಡಿಯುವ ಮೋಹಕ ಬಲೆ ನಡೆಯುವುದು ಇದರಿಂದಲೇ.

ಇಷ್ಟೆಲ್ಲ ಸಲಕರಣೆ ಇಟ್ಟುಕೊಂಡು ಸುಳಿಯೊಳಗೆ ನುಗ್ಗಿದರೂ ಅದು ನಾರು ತಿನ್ನುವುದಿಲ್ಲ. ಅಗಿದು, ರಸ ಹೀರಿ, ಚರಟವನ್ನು ತೂತಿನ ಹೊರಗೆ ತಳ್ಳುತ್ತದೆ. ತೂತಿನ ಬಾಯಲ್ಲಿ ಆ ನಾರಿನ ಪುಡಿ ಹಸಿಯಾಗಿದ್ದರೆ ದುಂಬಿ ಇನ್ನೂ ಒಳಗಿದೆ ಎಂದರ್ಥ. ಆಗ ಕಬ್ಬಿಣದ ಕೊಕ್ಕೆ ಹಾಕಿ ಎಳೆಯುವವರು ಮರ ಹತ್ತುತ್ತಾರೆ.

ಮರದ ಮೇಲೆ ಇಷ್ಟು ಹಾವಳಿ ಮಾಡುವ ಇದರ ಮರಿ ಮಾತ್ರ ಜೀವಂತ ತೆಂಗನ್ನು ಮುಟ್ಟುವುದೇ ಇಲ್ಲ. ತಿಪ್ಪೆ ಕೆದಕುವಾಗ ಬೆರಳಿಗಿಂತ ದಪ್ಪದ, ಅರ್ಧಚಂದ್ರದ ಹಾಗೆ ಮುರುಟಿಕೊಂಡ ಬಿಳಿ ಹುಳ ಸಿಗುತ್ತದಲ್ಲ, ಅದೇ ಕುರುವಾಯಿಯ ಮರಿ. ಕಂದು ತಲೆ, ಮೂರು ಜೊತೆ ಕಾಲು, ಪಕ್ಕದಲ್ಲಿ ಸಾಲಾಗಿ ಉಸಿರಾಡುವ ರಂಧ್ರಗಳು. ಕೊಳೆತ ಸಗಣಿ, ಲಡ್ಡಾದ ತೆಂಗಿನ ಬೊಡ್ಡೆ ಅದರ ಊಟ. ಹಾಗೆ ತಿಂಗಳುಗಟ್ಟಲೆ ತಿಂದು, ಕೋಶವಾಗಿ, ಆಮೇಲೆ ರೆಕ್ಕೆ ಬಂದು ಮೇಲೇರುತ್ತದೆ. ಮರಕ್ಕೆ ಔಷಧಿ ಹಾಕಿಸಿ ಮನೆ ಹಿಂದಿನ ಗುಂಡಿಯನ್ನು ವರ್ಷಗಟ್ಟಲೆ ಕೆದಕದೇ ಬಿಟ್ಟರೆ ನಾವೇ ಸಾಕಿದ ಹಾಗಾಯ್ತು, ಅಲ್ವಾ? ನಮ್ಮ ಮನೆಯಲ್ಲೂ ನಡೆದದ್ದು ಅದೇ.

ಇದರ ತವರು ನಮ್ಮ ದೇಶದಿಂದ ಹಿಡಿದು ಇಂಡೋನೇಷ್ಯಾ, ಫಿಲಿಪೀನ್ಸ್‌ವರೆಗಿನ ಸೀಮೆ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಿದ್ದ. ಪೆಸಿಫಿಕ್ ದ್ವೀಪಗಳಲ್ಲಿ ಇದು ಇರಲಿಲ್ಲ. 1909ರ ಹೊತ್ತಿಗೆ ಶ್ರೀಲಂಕಾದಿಂದ ಸಮೋವಾಕ್ಕೆ ರಬ್ಬರ್ ಸಸಿ ಹೋದವು. ಸಸಿಯ ಜೊತೆ ಇದೂ ಹೋಯಿತು. 1953ರಲ್ಲಿ ಫಿಜಿಯಲ್ಲಿ ಕಂಡಿತು, 2007ರಲ್ಲಿ ಗ್ವಾಮ್‌ನಲ್ಲಿ, 2013ರಲ್ಲಿ ಹವಾಯಿಯಲ್ಲಿ. ಸಾಗರ ದಾಟುವಷ್ಟು ದೂರ ಹಾರುವ ಶಕ್ತಿ ಇದಕ್ಕಿಲ್ಲ. ಹಡಗು, ವಿಮಾನ, ಗಿಡ, ಗೊಬ್ಬರ ಎಲ್ಲ ನಮ್ಮವೇ.

ನಡುವೆ ಒಂದು ಒಳ್ಳೆಯ ಸುದ್ದಿಯೂ ಬಂದಿತ್ತು. 1960ರ ದಶಕದಲ್ಲಿ ಮಲೇಷ್ಯಾದ ದುಂಬಿಗಳಲ್ಲಿ ಒಂದು ವೈರಸ್ ಸಿಕ್ಕಿತು. ಅದನ್ನು ಸಮೋವಾದಲ್ಲಿ ಬಿಟ್ಟಾಗ ದುಂಬಿಯ ಕಾಟ ಚೆನ್ನಾಗಿ ಇಳಿಯಿತು. ಗ್ವಾಮ್‌ಗೆ ಬಂದ ತಳಿಯೋ, ಆ ವೈರಸ್ಸಿಗೆ ಜಗ್ಗಲಿಲ್ಲ. ಇನ್ನೂ ವಿಚಿತ್ರ ಅಂದರೆ, ಅಲ್ಲಿ ಅದು ನೆಲದ ತಿಪ್ಪೆಯನ್ನೂ ಕಾಯುವುದಿಲ್ಲ. ನಿಂತ ತೆಂಗಿನ ಮಟ್ಟೆಗಳ ಸಂದಿಯಲ್ಲಿ ಕಸಕಡ್ಡಿ ಕೊಳೆತಿರುತ್ತದಲ್ಲ, ಅಲ್ಲೇ ಮೊಟ್ಟೆ, ಮರಿ, ಕೋಶ, ದುಂಬಿ ಎಲ್ಲವೂ ಸಿಕ್ಕಿವೆ. ನಾವು ಗುಂಡಿ ಕೆದಕಿದರೆ ಮರಿ ಸಿಗುತ್ತದೆ. ಅವರು ಮರ ಹತ್ತಬೇಕು.

ನಮಸ್ಕಾರ.