ಪಾರ್ಥಿಯನ್ ದೊರೆಗಳ ಸುಗಂಧ: ರಾಳ ಎಷ್ಟು, ಮಸಾಲೆ ಎಷ್ಟು

ಕೇಳುಗರಿಗೆ ನಮಸ್ಕಾರ.

ರೋಮಿನ ಹಿರಿಯ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯನ್ನು ಕ್ರಿ.ಶ. 77ರಲ್ಲಿ ಯುವರಾಜ ಟೈಟಸ್‌ಗೆ ಅರ್ಪಿಸಿದ. ಅದರ 13ನೇ ಭಾಗದಲ್ಲಿ ಒಂದು ರಾಜಲೇಪದ ಪ್ರಸ್ತಾಪ ಬರುತ್ತದೆ. ಇಂದಿನ ಇರಾನ್ ಕಡೆಯ ಪಾರ್ಥಿಯಾ ಸಾಮ್ರಾಜ್ಯದ ದೊರೆಗಳಿಗಾಗಿ ಬೆರೆಸುತ್ತಿದ್ದ ಸುಗಂಧ ಅದು. ಕ್ರಿ.ಪೂ. 53ರಲ್ಲಿ ಕ್ಯಾರೆ ಎಂಬಲ್ಲಿ ರೋಮನ್ ಸೇನೆಯನ್ನು ಸದೆಬಡಿದವರು ಇದೇ ಪಾರ್ಥಿಯನ್ನರು. ಅಂಥ ವೈರಿಗಳ ಅರಮನೆಯ ಪರಿಮಳವನ್ನೇ ರೋಮನ್ ಲೇಖಕ ಭೋಗದ ತುತ್ತತುದಿ ಎಂದು ಬರೆದಿಟ್ಟಿದ್ದಾನೆ.

ಅವನು ಕೊಡುವ ಪಟ್ಟಿ ಉದ್ದವಾಗಿದೆ. ಏಲಕ್ಕಿ, ದಾಲ್ಚಿನ್ನಿ, ಜಟಾಮಾಂಸಿ, ಕೋಷ್ಠ, ತಮಾಲಪತ್ರೆ, ಕೇಸರಿ, ಮರುಗ, ಭದ್ರಮುಷ್ಟಿಯ ಜಾತಿಯ ಗೆಡ್ಡೆ, ಬಜೆಯ ಜಾತಿಯದೆಂದು ಕೆಲವರು ಹೇಳುವ ಒಂದು ಬೇರು. ರಾಳಗಳಲ್ಲಿ ರಕ್ತಬೋಳ, ಸ್ಟೋರಾಕ್ಸ್, ಲ್ಯಾಬ್ಡನಮ್, ಇಂದಿನ ಇಸ್ರೇಲ್-ಪ್ಯಾಲೆಸ್ತೀನ್ ಸೀಮೆಯಾದ ಜುದೇಯದ ಬಾಲ್ಸಮ್. ಇವುಗಳ ಜೊತೆಗೆ ಜೇನು, ದ್ರಾಕ್ಷಾಮದ್ಯ. ಇನ್ನೂ ಕೆಲವು ಹೆಸರುಗಳು ಯಾವ ಗಿಡದವೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಇಷ್ಟೆಲ್ಲ ಹೇಳಿದ ಪ್ಲಿನಿ ಅಳತೆಯನ್ನು ಮಾತ್ರ ಹೇಳಿಲ್ಲ. ಯಾವುದು ಎಷ್ಟು, ಯಾವುದು ಮೊದಲು, ಯಾವುದು ಕೊನೆಗೆ ಎಂಬುದನ್ನು ಬೆರೆಸುವವರೇ ಕಂಡುಕೊಳ್ಳಬೇಕು. ಆ ಅಳತೆಯ ಬಗ್ಗೆಯೇ ಇವತ್ತಿನ ಮಾತು.

ಈ ವಸ್ತುಗಳಲ್ಲಿ ಒಂದೊಂದೂ ಒಂದೊಂದು ಗಡಿಯಿಂದ ಬರುತ್ತಿತ್ತು. ಜಟಾಮಾಂಸಿ ಹಿಮಾಲಯದ ಬೇರು. ಗಂಗೆಯ ಬಯಲಿನಿಂದ ಮಲಬಾರ್ ಕರಾವಳಿಯ ಮುಜಿರಿಸ್‌ಗೆ ಇಳಿದು, ಅಲ್ಲಿಂದ ಹಡಗೇರಿ ಕೆಂಪು ಸಮುದ್ರದ ದಾರಿಯಾಗಿ ಅಲೆಕ್ಸಾಂಡ್ರಿಯಾ ಸೇರುತ್ತಿತ್ತು. ಎರಡನೇ ಶತಮಾನದ ‘ಮುಜಿರಿಸ್ ಪಪೈರಸ್’ ಎಂಬ ದಾಖಲೆಯಲ್ಲಿ ಹರ್ಮಪೊಲೋನ್ ಹೆಸರಿನ ಹಡಗಿನ ಸರಕಿನ ಲೆಕ್ಕವಿದೆ. ಗಂಗಾ ಸೀಮೆಯ ಜಟಾಮಾಂಸಿ, ಆನೆದಂತ ಎರಡೂ ಅದರಲ್ಲಿವೆ. ಇಂಥ ಸರಕಿನ ಮೇಲೆ ರೋಮನ್ ಖಜಾನೆ ಕಾಲು ಪಾಲು ಸುಂಕ ಎತ್ತುತ್ತಿತ್ತು.

ಬಾಲ್ಸಮ್‌ನ ಕಥೆ ಇನ್ನೂ ಕಟುವಾದದ್ದು. ಆ ಗಿಡ ಬೆಳೆಯುತ್ತಿದ್ದುದು ಜುದೇಯದ ಕೆಲವೇ ತೋಟಗಳಲ್ಲಿ. ಕ್ರಿ.ಶ. 70ರ ಯುದ್ಧದ ಕಾಲದಲ್ಲಿ ಯಹೂದಿಗಳು ಅದನ್ನು ನಾಶಮಾಡಲು ಹೊರಟರು, ರೋಮನ್ನರು ಉಳಿಸಿಕೊಳ್ಳಲು ಹೋರಾಡಿದರು. ಒಂದು ಪೊದೆಗಾಗಿ ಕದನವೇ ನಡೆಯಿತು ಎನ್ನುತ್ತಾನೆ ಪ್ಲಿನಿ. ಗೆದ್ದ ಮೇಲೆ ಗಿಡವನ್ನು ವಿಜಯದ ಮೆರವಣಿಗೆಯಲ್ಲಿ ರೋಮಿಗೆ ತೋರಿಸಿದರು. ಆಮೇಲೆ ಅದು ಖಜಾನೆಯ ಸೊತ್ತು. ಖಜಾನೆ ದಿನಾರಿಯಸ್ ಎಂಬ 300 ಬೆಳ್ಳಿ ನಾಣ್ಯಕ್ಕೆ ಮಾರಿದ ಒಂದು ಸೆಕ್ಸ್‌ಟೇರಿಯಸ್, ಅಂದರೆ ಸುಮಾರು ಅರ್ಧ ಲೀಟರ್ ರಸ, ವ್ಯಾಪಾರಿಗಳ ಕೈದಾಟಿ 1000ಕ್ಕೆ ಹೋಗುತ್ತಿತ್ತಂತೆ. ಅಂಥ ಬಾಲ್ಸಮ್ ಇಂದು ಸಿಗುವ ಮಾತಿಲ್ಲ. ಅದರ ಜಾಗಕ್ಕೆ ಅರೇಬಿಯಾ ಮತ್ತು ಸೊಮಾಲಿಯಾ ಕಡೆಯ ಕುಂದುರು ಧೂಪದ ಎಣ್ಣೆ ಒಗ್ಗುತ್ತದೆ. ಪ್ಲಿನಿಯ ಪಟ್ಟಿಯಲ್ಲಿ ಅದಿಲ್ಲ, ನಿಜ. ಆದರೆ ಮಿಕ್ಕ ರಾಳಗಳೆಲ್ಲ ಭಾರ. ಅವನ್ನು ಮೇಲಕ್ಕೆತ್ತುವ ನಿಂಬೆಯಂಥ, ಪೈನ್‌ನಂಥ ಹಗುರ ಅದರಲ್ಲಿದೆ.

ಪ್ಲಿನಿ ಅಳತೆ ಕೊಡದಿದ್ದರೂ ತತ್ವವೊಂದನ್ನು ಕೊಟ್ಟಿದ್ದಾನೆ. ಸುಗಂಧಕ್ಕೆ ದ್ರವವೂ ಬೇಕು, ಗಟ್ಟಿ ಸರಕೂ ಬೇಕು. ಪರಿಮಳ ಹಾರಿಹೋಗದಂತೆ ಹಿಡಿದಿಡಲು ರಾಳವನ್ನೋ ಅಂಟನ್ನೋ ಸೇರಿಸಬೇಕು, ಇಲ್ಲದಿದ್ದರೆ ಅದು ಬಹು ಬೇಗ ಕರಗಿಹೋಗುತ್ತದೆ ಎನ್ನುತ್ತಾನೆ. ಎರಡು ಸಾವಿರ ವರ್ಷಗಳ ನಂತರವೂ ಇದರಲ್ಲಿ ತಿದ್ದುವಂಥದ್ದೇನೂ ಇಲ್ಲ. ರಾಳದ ಅಣುಗಳು ದೊಡ್ಡವು, ನಿಧಾನವಾಗಿ ಆವಿಯಾಗುತ್ತವೆ. ಜೊತೆಗಿರುವ ಹಗುರ ಅಣುಗಳನ್ನೂ ತಡೆದು ಬಿಡುತ್ತವೆ. ಹಾಗಾಗಿ ಈ ಬಗೆಯ ಸುಗಂಧದಲ್ಲಿ ಮೂರರಲ್ಲಿ ಎರಡು ಪಾಲು ರಾಳವೇ ಇರಬೇಕು. ಮಸಾಲೆ ಹತ್ತರಲ್ಲಿ ಒಂದು ಪಾಲನ್ನೂ ಮುಟ್ಟಬಾರದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮಸಾಲೆಯ ಸುಗಂಧ ಎಂದ ಕೂಡಲೇ ಮಸಾಲೆಯನ್ನೇ ಸುರಿದರೆ ಮೊದಲ ಹತ್ತು ನಿಮಿಷ ಮೂಗು ಕುಟುಕುತ್ತದೆ, ಒಂದು ಗಂಟೆಯ ಹೊತ್ತಿಗೆ ಮೈಮೇಲೆ ಏನೂ ಉಳಿದಿರುವುದಿಲ್ಲ.

ಬೆರೆಸುವ ಮುನ್ನ ಪಟ್ಟಿಯಿಂದ ಮೂರನ್ನು ತೆಗೆದುಹಾಕಬೇಕು. ಕೋಷ್ಠದ ಬೇರಿನ ಎಣ್ಣೆ ಚರ್ಮಕ್ಕೆ ತೀವ್ರ ಅಲರ್ಜಿ ತರುವುದರಿಂದ ಅಂತರರಾಷ್ಟ್ರೀಯ ಸುಗಂಧ ಸಂಘವಾದ ಇಫ್ರಾ ಅದನ್ನು ನಿಷೇಧಿಸಿದೆ. ಮೇಲಾಗಿ ಆ ಗಿಡ ಅಳಿವಿನಂಚಿನಲ್ಲಿದ್ದು, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಸಂಸ್ಕರಿಸದ ಸ್ಟೋರಾಕ್ಸ್ ಅಂಟಿಗೂ ಇಫ್ರಾದ ನಿಷೇಧವಿದೆ. ಅದರ ಬದಲು ಸಯಾಮ್ ಲೋಬಾನ ಬಳಸಿ, ವೆನಿಲಾದ ನುಣುಪು ಅದರಲ್ಲಿದೆ. ಬಜೆಯ ಜಾತಿಯ ಬೇರಿನಲ್ಲಿ ಬೀಟಾ ಅಸರೋನ್ ಎಂಬ ಹಾನಿಕರ ಅಂಶವಿರುವುದರಿಂದ ಅದನ್ನೂ ಬಿಡುವುದು ಒಳ್ಳೆಯದು. ಜಟಾಮಾಂಸಿ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ, ಬೆಟ್ಟದಲ್ಲಿ ಕಿತ್ತು ಕಿತ್ತು ಮುಗಿಯುತ್ತಾ ಬಂದಿದೆ. ಬೆಳೆಸಿದ ಗಿಡದ್ದು, ಕಾಗದಪತ್ರ ಸರಿಯಿರುವಂಥದ್ದು ಸಿಕ್ಕರೆ ಮಾತ್ರ ಕೊಳ್ಳಿ. ಸಿಗದಿದ್ದರೆ ಭದ್ರಮುಷ್ಟಿಯ ಎಣ್ಣೆಯನ್ನೇ ಇಮ್ಮಡಿ ಮಾಡಿ. ಮಣ್ಣಿನ ಗಂಧಕ್ಕೆ ಅದೂ ಸಾಲುತ್ತದೆ.

ಇನ್ನು ಅಳತೆ. ಬರೆದುಕೊಳ್ಳುವವರು ಬರೆದುಕೊಳ್ಳಿ. 50 ಗ್ರಾಮ್ ಸುಗಂಧಕ್ಕೆ 10 ಗ್ರಾಮ್ ಸಾರ, 40 ಗ್ರಾಮ್ ಆಲ್ಕೊಹಾಲ್. ಸಾರದಲ್ಲಿ ಲೋಬಾನದ ರೆಸಿನಾಯ್ಡ್, ಅಂದರೆ ದ್ರಾವಕದಿಂದ ತೆಗೆದ ರಾಳದ ಸತ್ವ, 2.4 ಗ್ರಾಮ್. ಲ್ಯಾಬ್ಡನಮ್‌ನ ಅಬ್ಸೊಲ್ಯೂಟ್ ಎಂಬ ಶುದ್ಧೀಕರಿಸಿದ ಗಾಢ ಸತ್ವ 1.6, ಕುಂದುರು ಎಣ್ಣೆಯೂ ಅಷ್ಟೇ, 1.6. ರಕ್ತಬೋಳ 0.8. ಮರದ ಗಂಧಕ್ಕೆ ಶ್ರೀಗಂಧದ ಎಣ್ಣೆ 1.5, ಭದ್ರಮುಷ್ಟಿ 0.3, ಜಟಾಮಾಂಸಿ 0.3. ಜೇನಿನ ಬದಲಿಗೆ ಜೇನುಮೇಣದ ಅಬ್ಸೊಲ್ಯೂಟ್ 0.3. ಏಲಕ್ಕಿ ಎಣ್ಣೆ 0.7, ಮರುಗದ ಎಣ್ಣೆ 0.3, ದಾಲ್ಚಿನ್ನಿ ಎಲೆಯ ಎಣ್ಣೆ 0.15. ಕೊನೆಗೆ ದಾಲ್ಚಿನ್ನಿ ತೊಗಟೆಯ ಎಣ್ಣೆ 0.02 ಗ್ರಾಮ್. ಎಲ್ಲ ಕೂಡಿದರೆ 10 ಗ್ರಾಮಿಗೆ ಕೂದಲೆಳೆಯಷ್ಟು ಕಡಿಮೆ. ಹನಿ ಎಣಿಸಬೇಡಿ. ಲ್ಯಾಬ್ಡನಮ್‌ನ ಒಂದು ಹನಿಗೂ ಏಲಕ್ಕಿ ಎಣ್ಣೆಯ ಒಂದು ಹನಿಗೂ ತೂಕದಲ್ಲಿ ಬಹಳ ಅಂತರವಿದೆ. 0.01 ಗ್ರಾಮ್ ತೋರಿಸುವ ತಕ್ಕಡಿಯೇ ಬೇಕು.

ತೊಗಟೆಯ ಎಣ್ಣೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಲೆಯೂ ತೊಗಟೆಯೂ ಒಂದೇ ಮರದವು, ಆದರೆ ಎಣ್ಣೆಗಳು ಬೇರೆ ಬೇರೆ. ಎಲೆಯಲ್ಲಿ ಹೆಚ್ಚಿರುವುದು ಲವಂಗದಲ್ಲಿರುವ ಯೂಜಿನಾಲ್. ತೊಗಟೆಯಲ್ಲಿ ಸಿನಮಾಲ್ಡಿಹೈಡ್. ಮೂಸಿದೊಡನೆ ದಾಲ್ಚಿನ್ನಿ ಎಂದು ಗುರುತು ಸಿಗುವುದು ಈ ಎರಡನೆಯದರಿಂದ. ಚರ್ಮವನ್ನು ಉರಿಸುವುದೂ ಅದೇ, ಇಫ್ರಾ ಬಿಗಿ ಮಿತಿ ಹಾಕಿರುವುದೂ ಅದಕ್ಕೇ. 0.02 ಗ್ರಾಮನ್ನು ಅಂಥ ತಕ್ಕಡಿ ನೆಚ್ಚಿಕೆಯಿಂದ ತೂಗಲಾರದು. ಆದ್ದರಿಂದ 1 ಗ್ರಾಮ್ ತೊಗಟೆ ಎಣ್ಣೆಗೆ 9 ಗ್ರಾಮ್ ಆಲ್ಕೊಹಾಲ್ ಬೆರೆಸಿ ಶೇ. 10ರ ದ್ರಾವಣ ಮಾಡಿಟ್ಟುಕೊಂಡು, ಅದರಲ್ಲಿ 0.2 ಗ್ರಾಮ್ ಹಾಕಿ. ಹಾಕಿದ ಕ್ಷಣ ಏನೂ ಕಾಣದು. ಸಾಲಲಿಲ್ಲ ಎಂದು ಮತ್ತೆ ಹಾಕಲು ಕೈ ಹೋಗುತ್ತದೆ. ಒಂದು ರಾತ್ರಿ ಬಿಡಿ, ಮರುದಿನ ಮೂಸಿ ನೋಡಿ, ಆಗ ಅದು ಎದ್ದು ನಿಂತಿರುತ್ತದೆ. ಕ್ರಿ.ಪೂ. ನಾಲ್ಕನೇ ಶತಮಾನದ ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್ ಕೂಡ, ರಕ್ತಬೋಳ ರಾಶಿಯಷ್ಟಿದ್ದರೂ ಕೊನೆಗೆ ಹಾಕಿದ ಚಿಟಿಕೆ ದಾಲ್ಚಿನ್ನಿಯದೇ ಮೇಲುಗೈ ಎಂದು ಬರೆದಿದ್ದಾನೆ.

ಬೆರೆಸುವ ಕ್ರಮ ಹೀಗೆ. ಲ್ಯಾಬ್ಡನಮ್ ಟಾರಿನಂತೆ ಗಟ್ಟಿ, ಚಮಚಕ್ಕೆ ಬಾರದು. ಶೀಶೆಯನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಹದಿನೈದು ನಿಮಿಷ ನಿಲ್ಲಿಸಿದರೆ ಹರಿಯುತ್ತದೆ. ನೇರ ಉರಿಗೆ ಹಿಡಿದರೆ ತಳ ಸುಟ್ಟು, ಆ ಸುಟ್ಟ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಆಲ್ಕೊಹಾಲ್ ಬೆರೆತ ಯಾವುದನ್ನೂ ಒಲೆಯ ಹತ್ತಿರ ಒಯ್ಯಬೇಡಿ, ಕಿಡಿ ತಾಗಿದರೆ ಅದರ ಆವಿಗೆ ಸಾಮಾನ್ಯ ಹವೆಯಲ್ಲೇ ಬೆಂಕಿ ಹತ್ತುತ್ತದೆ. ಮೊದಲು ಲ್ಯಾಬ್ಡನಮ್, ಲೋಬಾನ, ರಕ್ತಬೋಳ. ಅವು ಒಂದಾದ ಮೇಲೆ ಶ್ರೀಗಂಧ ಮತ್ತು ಬೇರಿನ ಎಣ್ಣೆಗಳು. ಆಮೇಲೆ ಕುಂದುರು, ಏಲಕ್ಕಿ, ಮರುಗ. ದಾಲ್ಚಿನ್ನಿ ಕಟ್ಟಕಡೆಗೆ. ಈ ಸಾರವನ್ನು ಎರಡು ವಾರ ಕತ್ತಲಲ್ಲಿಟ್ಟು, ಆಮೇಲೆ ಆಲ್ಕೊಹಾಲ್ ಸೇರಿಸಿ. ಶೇ. 95ಕ್ಕೆ ಕಡಿಮೆಯಿಲ್ಲದ ಎಥನಾಲ್ ಇರಲಿ. ಮೆಥನಾಲ್ ಬೆರೆಸಿದ ಸ್ಪಿರಿಟ್ ಖಂಡಿತ ಬೇಡ, ಅದು ಚರ್ಮದ ಮೂಲಕವೂ ಮೈಗಿಳಿಯುವ ವಿಷ. ಕೇಸರಿ ಬೇಕೆನಿಸಿದರೆ 10 ಗ್ರಾಮ್ ಎಥನಾಲ್‌ನಲ್ಲಿ 0.1 ಗ್ರಾಮ್ ಎಸಳನ್ನು ಒಂದು ವಾರ ನೆನೆಸಿ, ಸೋಸಿ, ಆ 40 ಗ್ರಾಮಿನೊಳಗೇ ಸೇರಿಸಿಕೊಳ್ಳಿ.

ರೆಸಿನಾಯ್ಡ್ ಸಿಗದೆ ಕಚ್ಚಾ ಲೋಬಾನವೇ ಕೈಯಲ್ಲಿದ್ದರೂ ನಡೆಯುತ್ತದೆ. 20 ಗ್ರಾಮ್ ಪುಡಿಗೆ 80 ಗ್ರಾಮ್ ಎಥನಾಲ್ ಹಾಕಿ, ದಿನಕ್ಕೊಮ್ಮೆ ಕುಲುಕುತ್ತಾ ಎರಡು ವಾರ ಬಿಟ್ಟು ಸೋಸಿ. ಲೋಬಾನ ಬಹುಪಾಲು ಕರಗುತ್ತದೆ, ತೊಗಟೆ ಕಸ ಮಾತ್ರ ಉಳಿಯುತ್ತದೆ. ಆ ದ್ರಾವಣ 12 ಗ್ರಾಮ್ ಹಾಕಿದರೆ 2.4 ಗ್ರಾಮ್ ಲೋಬಾನ ಹಾಕಿದಂತೆ. ಅದರೊಂದಿಗೆ ಬಂದ 9.6 ಗ್ರಾಮ್ ಆಲ್ಕೊಹಾಲನ್ನು ಆಮೇಲಿನ ಲೆಕ್ಕದಲ್ಲಿ ಕಳೆಯಲು ಮರೆಯಬೇಡಿ. ರಕ್ತಬೋಳಕ್ಕೆ ಈ ಲೆಕ್ಕ ಹೊಂದದು. ಅದರಲ್ಲಿ ನೀರಿನಲ್ಲಿ ಮಾತ್ರ ಕರಗುವ ಅಂಟು ಬಹಳ. ಎಥನಾಲ್‌ಗೆ ಹಾಕಿದರೆ ಅದು ತಳದಲ್ಲಿ ಬಿಳಿ ರಾಡಿಯಾಗಿ ಕೂರುತ್ತದೆ. ಅದನ್ನು ಕರಗಿಸಲೆಂದು ನೀರು ಹಾಕಿದರೆ ಕೆಲಸ ಕೆಟ್ಟಿತು: ಮಿಕ್ಕ ರಾಳಗಳೆಲ್ಲ ಬೇರ್ಪಟ್ಟು ಇಡೀ ಶೀಶೆ ಹಾಲಿನಂತೆ ಬೆಳ್ಳಗಾಗುತ್ತದೆ. ರಾಳದ ಸುಗಂಧಕ್ಕೆ ನೀರು ಬೆರೆಸಲೇಬಾರದು.

ಆಲ್ಕೊಹಾಲ್ ಸೇರಿದ ಮೇಲೆ ನಾಲ್ಕರಿಂದ ಆರು ವಾರ ಕಾಯಬೇಕು. ಮೊದಲ ವಾರ ಸುಗಂಧ ಒಡಕು ಒಡಕಾಗಿರುತ್ತದೆ; ಆಗ ತಿದ್ದಲು ಹೋಗಬೇಡಿ. ಅವಧಿ ಮುಗಿದ ಮೇಲೆ ಎರಡು ದಿನ ಫ್ರಿಜ್‌ನಲ್ಲಿಟ್ಟು, ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಲ್ಯಾಬ್ಡನಮ್ ಮತ್ತು ಜೇನುಮೇಣದ ಮೇಣದಂಶ ತಂಪಿನಲ್ಲಿ ಮಾತ್ರ ಹೊರಬೀಳುತ್ತದೆ. ಬೆಚ್ಚಗಿದ್ದಾಗ ಸೋಸಿದರೆ ಆಗ ತಿಳಿಯಾಗಿ ಕಂಡು, ಚಳಿಗಾಲಕ್ಕೆ ಮತ್ತೆ ಮಬ್ಬಾಗುತ್ತದೆ.

ಕೆಟ್ಟರೆ ಕಾರಣ ಹುಡುಕುವುದು ಕಷ್ಟವಲ್ಲ. ಟರ್ಪೆಂಟೈನ್ ವಾಸನೆ ಬಂದರೆ ಕುಂದುರು ಎಣ್ಣೆ ಹಳತಾಗಿದೆ, ಗಾಳಿಯಾಡಿ ಅದರಲ್ಲಿರುವ ಪೈನೀನ್ ಎಂಬ ಅಂಶ ಆಕ್ಸಿಡೀಕರಣಗೊಂಡಿದೆ. ಬೆವರಿನಂಥ ಹುಳಿ ವಾಸನೆ ಬಂದರೆ ಜಟಾಮಾಂಸಿ ಹೆಚ್ಚಾಗಿದೆ. ಸಿಹಿ ಮಾತ್ರ ಉಳಿದು ಖಾರ ಕಾಣದಿದ್ದರೆ ಲೋಬಾನವನ್ನು ಇಳಿಸಿ ಕುಂದುರು ಏರಿಸಬೇಕೇ ಹೊರತು ದಾಲ್ಚಿನ್ನಿಯನ್ನಲ್ಲ. ಎಲ್ಲ ಅಳತೆ ಸರಿಯಿದ್ದೂ ಪರಿಮಳ ತೆಳುವಾಗಿದ್ದರೆ ಮಾರುವವರನ್ನು ಕೇಳಿ: ರೆಸಿನಾಯ್ಡ್‌ಗಳನ್ನು ಅರ್ಧದಷ್ಟು ವಾಸನೆಯಿಲ್ಲದ ದ್ರಾವಕ ಬೆರೆಸಿ ಮಾರುವ ರೂಢಿಯಿದೆ. ಆ ಪ್ರಮಾಣ ಗೊತ್ತಾದರೆ ತೂಕ ಸರಿಪಡಿಸಬಹುದು.

ಪರೀಕ್ಷಿಸುವ ಬಗೆಯನ್ನು ಪ್ಲಿನಿಯೇ ಹೇಳಿದ್ದಾನೆ. ಅಂಗೈಯ ಬಿಸಿ ಪರಿಮಳವನ್ನು ಕೆಡಿಸದಂತೆ ಕೈಯ ಹಿಂಬದಿಗೆ ಹಚ್ಚಿ ನೋಡಬೇಕಂತೆ. ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ಆರು ಗಂಟೆಗೆ ಮೂಸಿ. ಮೊದಲ ಸಲ ಹಚ್ಚುವಾಗ ಮೊಳಕೈ ಒಳಭಾಗದಲ್ಲಿ ಒಂದೇ ಹನಿ ಹಾಕಿ, ಕೆಂಪಾಗುತ್ತದೆಯೇ ಎಂದು ಒಂದು ದಿನ ಕಾದು ನೋಡಿ. ಬಿಳಿ ಬಟ್ಟೆಗೆ ತಾಗಿಸಬೇಡಿ, ಲ್ಯಾಬ್ಡನಮ್‌ನ ಕಂದು ಕಲೆ ಒಗೆದರೂ ಹೋಗುವುದಿಲ್ಲ. ಸ್ಪ್ರೇ ಶೀಶೆಗೆ ತುಂಬಿದವರು ವಾರಕ್ಕೊಮ್ಮೆ ಮೂತಿಯನ್ನು ಕಳಚಿ ಎಥನಾಲ್‌ನಲ್ಲಿ ಅದ್ದಿ ತೆಗೆಯಿರಿ. ಹಾಗೇ ಬಿಟ್ಟರೆ ರಾಳ ಅಲ್ಲೇ ಒಣಗಿ ತೂತು ಮುಚ್ಚಿಕೊಳ್ಳುತ್ತದೆ.

ನಮಸ್ಕಾರ.