ಉಪಯೋಗ ಕಂಡರೆ ಜನ ತಾವಾಗಿ ಬರುತ್ತಾರೆ

ಕೇಳುಗರೆಲ್ಲರಿಗೂ ನಮಸ್ಕಾರ. ಕ್ಲೌಡ್ ಆಧಾರಿತ ಆನ್‌ಲೈನ್ ಕಲಿಕೆ ಅಂದಕೂಡಲೇ ಕೆಲವರು ಮುಂದೆ ಬರುತ್ತಾರೆ, ಕೆಲವರು ಅತ್ತ ಸುಳಿಯುವುದೂ ಇಲ್ಲ. ಯಾಕೆ? ನನ್ನ ಉತ್ತರ ಒಂದೇ: ಇದರಿಂದ ತನಗೇನು ಉಪಯೋಗ ಅನ್ನುವುದು ಬಳಸುವವರ ಕಣ್ಣಿಗೆ ಕಾಣಬೇಕು.

ಕ್ಲೌಡ್ ಅಂದರೆ ಗಾಬರಿಯಾಗಬೇಡಿ. ಪಾಠ, ವಿಡಿಯೊ, ನೀವು ಬರೆದ ಉತ್ತರ, ಬಂದ ಅಂಕ ಎಲ್ಲವೂ ದೂರದ ಸರ್ವರ್‌ಗಳಲ್ಲಿ ಇರುತ್ತವೆ. ಫೋನ್ ಬದಲಾದರೂ ಲಾಗಿನ್ ಆಗಿ ಬಿಟ್ಟಲ್ಲಿಂದ ಮುಂದುವರಿಸಬಹುದು. ಅಷ್ಟೇ.

ಜನ ಕಂಪ್ಯೂಟರ್ ತಂತ್ರಾಂಶಗಳನ್ನು ಯಾಕೆ ಒಪ್ಪುತ್ತಾರೆ ಅನ್ನುವುದನ್ನು ಸಂಶೋಧಕ ಫ್ರೆಡ್ ಡೇವಿಸ್ ಅಳೆದು ನೋಡಿ 1989ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಎರಡು ಪ್ರಶ್ನೆ. ಇದರಿಂದ ನನ್ನ ಕೆಲಸ ಚೆನ್ನಾಗಿ ಆಗುತ್ತದೆಯೇ? ಬಳಸುವುದು ಸುಲಭವೇ? ಎರಡೂ ಲೆಕ್ಕಕ್ಕೆ ಬಂದವು, ಆದರೆ ಉಪಯೋಗದ ತೂಕವೇ ಹೆಚ್ಚು. ಇಷ್ಟು ವರ್ಷವಾದರೂ ನಾವಿನ್ನೂ ತರಬೇತಿಯಲ್ಲಿ ಬಟನ್‌ಗಳನ್ನೇ ತೋರಿಸುತ್ತಾ ಕೂತಿದ್ದೇವೆ!

ಒಂದು ತರಬೇತಿಗೆ ಹಿರಿಯ ಗಣಿತ ಶಿಕ್ಷಕಿಯೊಬ್ಬರು ಬಂದಿದ್ದರು. ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತವರು ಮೌಸ್ ಮುಟ್ಟಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ನಿಮ್ಮ ತರಗತಿಗೆ ಒಂದೇ ಒಂದು ಪ್ರಶ್ನೆ ಹಾಕಿ ಅಂದೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಎಷ್ಟು? ಹಾಕಿದರು. ಮಕ್ಕಳು ಉತ್ತರ ಒತ್ತುತ್ತಿದ್ದ ಹಾಗೇ ಯಾವ ಉತ್ತರಕ್ಕೆ ಎಷ್ಟು ಮಕ್ಕಳು ಅಂತ ತೋರಿಸುವ ಪಟ್ಟಿಗಳು ಪರದೆಯ ಮೇಲೆ ಬೆಳೆದವು. ಎಲ್ಲಕ್ಕಿಂತ ಉದ್ದದ ಪಟ್ಟಿ, ಐದನೇ ಎರಡು ಭಾಗ ಅನ್ನುವ ತಪ್ಪು ಉತ್ತರದ್ದು! ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದರು. ಶಿಕ್ಷಕಿ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಂದರು. “ನೋಟ್‌ಬುಕ್ ತಿದ್ದಿ ಮುಗಿಸುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತಿತ್ತಲ್ಲ!” ಅಂದರು. ಅವತ್ತೇ ಭಿನ್ನರಾಶಿಯನ್ನು ಮತ್ತೆ ಮೊದಲಿನಿಂದ ಹೇಳಿಕೊಟ್ಟರು. ಆಮೇಲೆ ಎರಡನೇ ಪ್ರಶ್ನೆ ಹಾಕುವುದು ಹೇಗೆ ಅಂತ ಕೇಳಿದ್ದು ಅವರೇ. ಬಟನ್ ಎಲ್ಲಿದೆ ಅನ್ನುವುದು ತಾನಾಗಿ ಬಂತು. ಉಪಯೋಗ ಕಂಡಿತ್ತು, ನೋಡಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಜೊತೆಯವರು ಬಳಸಿದರೆ ನಾವೂ ಬಳಸುತ್ತೇವೆ. ನೆಟ್‌ವರ್ಕ್ ಬೇಕು, ಸಿಕ್ಕಿಹಾಕಿಕೊಂಡಾಗ ಕೇಳಲು ಒಬ್ಬರು ಬೇಕು, ನಮ್ಮ ಮಾಹಿತಿ ಸುರಕ್ಷಿತ ಅನ್ನುವ ನಂಬಿಕೆಯೂ ಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಷ್ಟೋ ಜನ ಬೇರೆ ದಾರಿಯಿಲ್ಲದೆ ಲಾಗಿನ್ ಆದರು. ಲಾಗಿನ್ ಆದವರೆಲ್ಲ ಕಲಿತರು ಅಂತ ದಯವಿಟ್ಟು ಲೆಕ್ಕ ಹಾಕಬೇಡಿ.

ಯಾರಿಗಾದರೂ ಇದನ್ನು ಪರಿಚಯಿಸುವವರಿದ್ದರೆ ಮೆನು ತೋರಿಸಲು ಹೋಗಬೇಡಿ. ಈ ವಾರ ನಿಮಗೆ ತಲೆನೋವಾಗಿರುವ ಕೆಲಸ ಯಾವುದು ಅಂತ ಕೇಳಿ. ಆ ಕೆಲಸವನ್ನೇ ಅವರ ಎದುರು, ಅವರ ಕೈಯಲ್ಲೇ ಮಾಡಿಸಿ. ಪಾಸ್‌ವರ್ಡ್ ಬದಲಿಸುವುದನ್ನು ಆಮೇಲೆ ಹೇಳಿಕೊಟ್ಟರಾಯಿತು. ನಮಸ್ಕಾರ.