ಕುದುರಿ ಲಾರಿಯಿಂದ ಇಳಿಯೋ ಜಗಾದಿಂದ ಪ್ಲಾನ್ ಚಾಲೂ ಮಾಡ್ರಿ

ನಮಸ್ಕಾರ್ರೀ. ಕುದುರಿ ಪ್ರದರ್ಶನ, ಕುದುರಿ ಓಟ, ಜಾತ್ರ್ಯಾಗ ಕುದುರಿ ಕುಣಿಸೋ ಸ್ಪರ್ಧೆ, ಇಂಥವನ್ನ ಮಾಡಿಸೋ ಯಾವುದೇ ಕಮಿಟಿಯ ವಹಿ ತೆಗೆದು ನೋಡ್ರಿ. ಮೊದಲನೇ ಪುಟದಾಗ ಪೆಂಡಾಲು. ಎರಡನೇದ್ರಾಗ ಸ್ಟೇಜು, ಸೌಂಡು. ಮೂರನೇದ್ರಾಗ ಯಾರಿಗೆ ಶಾಲು, ಯಾರಿಗೆ ಹಾರ, ಯಾರ ಫೋಟೊ ಬ್ಯಾನರಿನ ಮ್ಯಾಲ ದೊಡ್ಡದು. ಕುದುರಿ ಬರೋದು ನಾಕನೇ ಪುಟಕ್ಕ, ಅದೂ ಬಹುಮಾನದ ಲೆಕ್ಕದಾಗ.

‘ಸುರಕ್ಷತೆ’ ಅಂತ ಒಂದು ಹಾಳಿ ಇದ್ದೇ ಇರ್ತದ. ಪರವಾನಗಿ ಕೇಳಾಕ ಬರೆದದ್ದು. ಅದರಾಗ ಅಖಾಡದ ಸುತ್ತ ಬ್ಯಾರಿಕೇಡು, ಒಂದು ಆಂಬುಲೆನ್ಸು, ಹತ್ತು ಮಂದಿ ಸ್ವಯಂಸೇವಕರು. ಅಲ್ಲಿಗೆ ಮುಗೀತು. ನನ್ನ ತಕರಾರು ಇರೋದೇ ಇಲ್ಲಿ. ಅಖಾಡದಾಗ ಕುದುರಿ ಮ್ಯಾಲ ಸವಾರ ಇರ್ತಾನ, ಕೈಯಾಗ ಲಗಾಮು ಇರ್ತದ, ಸಾವಿರ ಕಣ್ಣು ಅದರ ಮ್ಯಾಲ ಇರ್ತಾವ. ಲಾರಿ ಬಾಗಿಲು, ಕಟ್ಟೋ ಸಾಲು, ನೀರಿನ ತೊಟ್ಟಿ, ಸಾಲಿನಿಂದ ಅಖಾಡಕ್ಕ ಬರೋ ಸಂದಿ, ಈ ನಾಕು ಜಗಾದಾಗ ಯಾರೂ ನೋಡ್ತಿರಂಗಿಲ್ಲ. ಒದೆ ಬೀಳೋದು, ಕಾಲು ಮುರಿಯೋದು, ರೋಗ ಹಬ್ಬೋದು, ಹಗ್ಗ ಹರಕೊಂಡು ಓಡೋದು, ಎಲ್ಲಾ ಇಲ್ಲೇ.

ಹಂಗಾಗಿ ಲಾರಿಯಿಂದಲೇ ಚಾಲೂ ಮಾಡೋಣ.

ನಮ್ಮ ಕಡೆ ಸಾಮಾನ್ಯವಾಗಿ ಏನ್ ಆಗ್ತದ? ಲಾರಿ ಬಂದು ಡಾಂಬರ್ ರಸ್ತೆ ಬಾಜೂಕ ನಿಂದರ್ತದ. ಹಿಂದಿನ ಫಾಲ್ಕಾ ಬಿಚ್ಚತಾರ. ಮೂರೂವರಿ ಅಡಿ ಎತ್ತರ. ಒಬ್ಬಾಂವ ಮ್ಯಾಲಿಂದ ನೂಕ್ತಾನ, ಒಬ್ಬಾಂವ ಕೆಳಗ ನಿಂತು ಹಗ್ಗ ಜಗ್ಗತಾನ, ಕುದುರಿ ಜಿಗೀತದ. ಆರು ತಾಸು ನಿಂತು ಬಂದ ಕಾಲು ಮರಗಟ್ಟಿರ್ತಾವ, ಲಾಳ ಹೊಡದ ಗೊರಸು ಡಾಂಬರಿನ ಮ್ಯಾಲ ಜಾರ್ತದ. ಮುಂಗಾಲು ಮಡಚಿ ಬಿತ್ತಂದ್ರ ಮೊಣಕಾಲು ಹೋತು. ಕೆಳಗ ಹಗ್ಗ ಹಿಡದಾಂವ ನೇರ ಎದುರಿಗೆ ನಿಂತಿದ್ನಂದ್ರ 350 ಕೆಜಿ ಅವನ ಎದಿ ಮ್ಯಾಲ.

ಇದಕ್ಕ ರೊಕ್ಕ ಹತ್ತೋ ಪರಿಹಾರ ಬೇಕಾಗಿಲ್ಲ. ಒಂದು ಟ್ರ್ಯಾಕ್ಟರ್ ಮುರುಮ ಹಾಕಿಸಿ, ಲಾರಿ ಫಾಲ್ಕಾದ ಎತ್ತರಕ್ಕ ಸಮ ಆಗೋ ಒಡ್ಡು ಕಟ್ಟಿಸ್ರಿ. ಎತ್ತರ ಒಂದು ಮೀಟರ್ ಇದ್ರ ಇಳಿಜಾರು ಕನಿಷ್ಠ ಮೂರು ಮೀಟರ್ ಉದ್ದ ಇರಲಿ, ಅಗಲ ಎರಡೂವರಿ ಮೀಟರ್. ಮ್ಯಾಲ ನೀರು ಚಿಮುಕಿಸಿ ದಮ್ಮಸ್ಸು ಮಾಡಿ, ಗೋಣಿ ತಟ್ಟು ಹಾಸ್ರಿ. ಲಾರಿ ಹಿಂದಕ್ಕ ಬಂದು ಒಡ್ಡಿಗೆ ಅಂಟಿ ನಿಂದರಬೇಕು, ನಡುವ ಸಂದಿ ಉಳೀಬಾರದು. ಆ ಸಂದ್ಯಾಗ ಹಿಂಗಾಲು ಸಿಗಿಬಿದ್ರ ಎಲುಬು ಉಳಿಯಂಗಿಲ್ಲ. ಹಗ್ಗ ಹಿಡದಾಂವ ಕುದುರಿಯ ಎಡಭುಜದ ಬಾಜೂಕ ನಡೀಬೇಕು. ಒಂದು ಕುದುರಿ ಇಳದು ಇಪ್ಪತ್ತು ಹೆಜ್ಜಿ ಹೋಗೋತನಕ ಎರಡನೇದು ಬಿಚ್ಚಬಾರದು. ಆದ್ರ ಲಾರಿಯಾಗ ಒಂದೇ ಕುದುರಿ ಉಳೀತಂದ್ರ ಅದು ಹುಚ್ಚೆದ್ದಂಗ ಆಡ್ತದ, ಜೊತಿಗಾರ ಹೋದ ಅಂತ. ಕೊನೇ ಎರಡನ್ನ ಒಂದರ ಹಿಂದ ಒಂದು ಲಗೂನ ಇಳಿಸ್ರಿ.

ಲಾರಿ ಒಳಗ ಹೆಂಗ ತರಬೇಕು ಅನ್ನೋದು 1978ರ ಪ್ರಾಣಿ ಸಾಗಾಣಿಕೆ ನಿಯಮದಾಗ ಬರದೇ ಅದ. ಒಂದು ಗಾಡ್ಯಾಗ ನಾಕರಿಂದ ಆರು ಕುದುರಿ, ಅದಕ್ಕಿಂತ ಹೆಚ್ಚಿಲ್ಲ. ಕುದುರಿ-ಕುದುರಿ ನಡುವ 8 ಸೆಂಟಿಮೀಟರ್ ದಪ್ಪದ ಬೊಂಬು. ಕಾಲು ಜಾರದ ನೆಲ. ಎದುರು ಬರೋ ಗಾಡಿಗೆ ಬೆದರದಂಗ ಮಾರಿ ಎಡಕ್ಕ. ಜೊತೀಗೊಬ್ಬ ಆಳು. ವೇಗ ತಾಸಿಗೆ 35 ಕಿಲೋಮೀಟರ್ ದಾಟಬಾರದು. ನಮ್ಮ ಹೆದ್ದಾರಿ ಮ್ಯಾಲ 35ಕ್ಕ ಹೋಗೋ ಡ್ರೈವರ್‌ನ ಹುಡುಕಿ ತಂದ್ರ ಮೊದಲ ಬಹುಮಾನ ಅವನಿಗೇ ಕೊಡ್ರಿ. ನಗು ಬಿಡ್ರಿ, ಈ ನಿಯಮವನ್ನ ಆಮಂತ್ರಣ ಪತ್ರಿಕಿ ಹಿಂದಿನ ಪುಟದಾಗ ಅಚ್ಚು ಹಾಕಿಸ್ರಿ. ತುರುಕಿ ತಂದ ಗಾಡಿಗೆ ಗೇಟಿನಾಗ ಪ್ರವೇಶ ಇಲ್ಲ ಅಂತ ಮೊದಲ ಹೇಳಿದ್ರ ಆಮ್ಯಾಲ ಜಗಳ ಇರಂಗಿಲ್ಲ.

ಇನ್ನ ಗೇಟಿನ ಮಾತು. ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲಾದಾಗ ಗಡಿ ಅನ್ನೋದು ನಕಾಶೆ ಮ್ಯಾಲ ಅಷ್ಟೇ. ಬೀದರ್ ದಾಟಿದ್ರ ನಾಂದೇಡ ಜಿಲ್ಲಾ, ಅಲ್ಲಿ ಮಾಳೇಗಾಂವದ ಖಂಡೋಬಾ ಜಾತ್ರ್ಯಾಗ ದೊಡ್ಡ ಕುದುರಿ ಬಜಾರು. ನಮ್ಮ ಮೈಲಾರ ಮಲ್ಲಣ್ಣನ ವಾಹನನೂ ಕುದುರೀನೇ. ಬಹಮನಿ ಕಾಲದಾಗ ಅಫಾನಾಸಿ ನಿಕಿತಿನ್ ಅನ್ನೋ ರಷ್ಯಾದ ವ್ಯಾಪಾರಿ ತನ್ನ ಕುದುರಿ ತಂದು ಮಾರಿದ್ದು ಇದೇ ಬೀದರಿನಾಗ. ಅಂದಿನಿಂದ ಇಂದಿನತನ ಕುದುರಿ ಇಲ್ಲಿ ಊರೂರು ತಿರಗತಾವ, ಅದರ ಜೊತಿಗೆ ರೋಗಾನೂ ತಿರಗತದ.

ಮುಖ್ಯವಾಗಿ ಗ್ಲ್ಯಾಂಡರ್ಸ್. ಬ್ಯಾಕ್ಟೀರಿಯಾದಿಂದ ಬರೋ ರೋಗ, ಕುದುರಿಯಿಂದ ಮನುಷ್ಯಾಗೂ ಹತ್ತತದ, ಲಸಿಕೆ ಇಲ್ಲ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯ ಪಟ್ಟಿಯಾಗ ಅದ. ಖಾತ್ರಿಯಾದ ಕುದುರಿಗೆ ದಯಾಮರಣನೇ ಗತಿ, ಸುತ್ತಲಿನ ಪ್ರದೇಶದಾಗ ಜಾತ್ರಿ, ಸಂತಿ, ಪ್ರದರ್ಶನ ಬಂದ್. ಹಂಗಾಗಿ ರಕ್ತ ಪರೀಕ್ಷೆಯ ವರದಿ ಇಲ್ಲದ ಕುದುರಿಯನ್ನ ಒಳಗ ಬಿಡಬಾರದು. ಅನುಮಾನ ಬಂದ ಮಾದರಿಯನ್ನ ಖಾತ್ರಿ ಮಾಡೋದು ಹರಿಯಾಣದ ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಾಗ. ಇಷ್ಟು ದೂರದ ಕೆಲಸ ಹಿಂದಿನ ದಿನ ಆಗಂಗಿಲ್ಲ. ಒಂದು ತಿಂಗಳು ಮೊದಲ ಮಾಲೀಕರಿಗೆ ತಿಳಿಸ್ರಿ, ಪಶುಸಂಗೋಪನೆ ಇಲಾಖೆ ಡಾಕ್ಟರಿಗೆ ಕುದುರಿಗಳ ಪಟ್ಟಿ ಕೊಡ್ರಿ. ವರದಿಯಾಗ ಕುದುರಿಯ ಬಣ್ಣ, ಹಣಿ ಮ್ಯಾಲಿನ ಚುಕ್ಕಿ, ಕಾಲಿನ ಬಿಳುಪು ಬರೆಸ್ರಿ, ಇಲ್ಲಾಂದ್ರ ಒಂದೇ ಕಾಗದ ತೋರಿಸಿ ಮೂರು ಕುದುರಿ ಒಳಗ ಹೋಗ್ತಾವ.

ಗೇಟಿನಾಗ ನಿಂತಾಂವ ನೋಡಬೇಕಾದ್ದು: ಮೂಗಿನ ಹೊಳ್ಳಿಯಿಂದ ಅಂಟಂಟು ಹಳದಿ ಸಿಂಬಳ ಸೋರ್ತದೇನು, ಕಾಲಿನ ಒಳಮೈ ಮ್ಯಾಲ ಮಣಿಸರ ಪೋಣಿಸಿದಂಗ ಗಂಟು ಎದ್ದಾವೇನು, ಗಂಟು ಒಡದು ಕೀವು ಬರ್ತದೇನು. ಒಂದು ಕಂಡ್ರೂ ಕುದುರಿಯನ್ನ ಮುಟ್ಟದಂಗ, ಕೂಡಿಸದಂಗ, ಕನಿಷ್ಠ 30 ಮೀಟರ್ ದೂರದ ಬ್ಯಾರೆ ಜಗಾದಾಗ ನಿಲ್ಲಿಸಿ ಡಾಕ್ಟರನ್ನ ಕರೀರಿ. ಆ ಜಗಾ ಮೊದಲೇ ಗೊತ್ತು ಮಾಡಿರಬೇಕು. ಅದರ ಬಕೀಟು ಬ್ಯಾರೆ, ಆಳು ಬ್ಯಾರೆ.

ಬಕೀಟು ಅಂದಕೂಡಲೆ ನೆನಪಾತು. ದಾನಿಗಳ ಹೆಸರು ಬರೆಸಿದ ದೊಡ್ಡ ಸಿಮೆಂಟ್ ತೊಟ್ಟಿ ಕಟ್ಟಿಸಿ ಎಲ್ಲಾ ಕುದುರಿಗೂ ಅದರಾಗೇ ನೀರು ಕುಡಿಸೋದು ನಮ್ಮಲ್ಲಿ ಪುಣ್ಯದ ಕೆಲಸ. ಕುದುರಿ ಪ್ರದರ್ಶನದ ಮಟ್ಟಿಗೆ ಅದು ರೋಗದ ತೊಟ್ಟಿ. ಕುದುರಿಗೊಂದು ಬಕೀಟು, ಮ್ಯಾಲ ನಂಬರು. ತುಂಬಸೋ ಹುಡುಗ ಪೈಪಿನ ತುದಿಯನ್ನ ಒಂದು ಬಕೀಟಿನಾಗ ಮುಳುಗಿಸಿ, ಹಂಗೇ ಮುಂದಿನದಕ್ಕ ಒಯ್ತಾನ. ಅಲ್ಲಿಗೆ ಬಕೀಟು ಬ್ಯಾರೆ ಮಾಡಿದ್ದು ನೀರಿನಾಗ ಹೋಮ. ಪೈಪು ಒಂದು ಗೇಣು ಮ್ಯಾಲ ಹಿಡಿ ಅಂತ ಕಲಿಸ್ರಿ.

ನೀರಿನ ಲೆಕ್ಕ: 40 ಕುದುರಿ, ಬ್ಯಾಸಿಗಿಯಾಗ ತಲಾ 60 ಲೀಟರ್ ಕುಡಿಯಾಕ ಅಂದ್ರ 2,400. ಮೈ ತಣಿಸಾಕ ಸಲಕ್ಕ 50 ಲೀಟರಿನಂತೆ ದಿನಕ್ಕ ಎರಡು ಸಲ, 4,000. ಒಟ್ಟು 6,400. 5,000 ಲೀಟರಿನ ಟ್ಯಾಂಕರ್ ಒಂದು ಸಾಲಂಗಿಲ್ಲ, ಎರಡು ಬೇಕು. ಒಂದು ಖಾಲಿಯಾಗೋ ಮೊದಲ ಇನ್ನೊಂದು ಬಂದು ನಿಂತಿರಬೇಕು.

ಬಿಸಿಲಿನ ವಿಷಯದಾಗ ನಾ ಜರಾ ಹಠಮಾರಿ. ಕಲಬುರಗಿ ಏಪ್ರಿಲ್-ಮೇನಾಗ 40 ಡಿಗ್ರಿ ದಾಟ್ತದ, ಮಂತ್ರಿಗಳು ಬರೋದು ಹನ್ನೆರಡಕ್ಕ, ಸ್ಪರ್ಧೆ ಅವರು ಬಂದ ಮ್ಯಾಲ. ಇದು ಬ್ಯಾಡ. ಬೆಳಿಗ್ಗಿ ಆರರಿಂದ ಒಂಬತ್ತೂವರಿ, ಸಂಜಿ ಐದರ ಮ್ಯಾಲ, ಅಷ್ಟೇ. ಮಂತ್ರಿಗಳು ನಡುವ ಬಂದ್ರ ಭಾಷಣ ಮಾಡಲಿ. ಸುಮ್ಮನ ನಿಂತ ಕುದುರಿಯ ಮೈ ಶಾಖ 37.5ರಿಂದ 38.5 ಡಿಗ್ರಿ. ಓಡಿ ಬಂದ ಮ್ಯಾಲ ಗುದದಾಗ ಥರ್ಮಾಮೀಟರ್ ಇಟ್ಟು ನೋಡಿದ್ರ 40 ದಾಟಿತ್ತಂದ್ರ ಕೂಡಲೇ ನೀರು ಸುರುವ್ರಿ. ಕುತ್ತಿಗಿ, ಎದಿ, ಹೊಟ್ಟಿ, ತೊಡಿ ಮ್ಯಾಲ ಬಿಡದಂಗ. ‘ಬೆವತ ಕುದುರಿ ಮ್ಯಾಲ ತಣ್ಣೀರು ಹಾಕಿದ್ರ ನರ ಹಿಡೀತಾವ’ ಅಂತ ಹಿರಿಯರು ಹೇಳ್ತಾರ. ಸುಳ್ಳು ಅದು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೊದಲ ಈ ಬಗ್ಗೆ ಸಂಶೋಧನೆ ಆಗಿ, ತಣ್ಣೀರು ಸುರಿಯೋದೇ ಸರಿಯಾದ ದಾರಿ ಅಂತ ಗೊತ್ತಾಗ್ಯದ. ಒದ್ದಿ ಅರಬಿ ಹೊದಿಸಿ ಬಿಡಬ್ಯಾಡ್ರಿ, ಶಾಖ ಒಳಗೇ ಉಳೀತದ. 15 ನಿಮಿಷದಾಗ ಶಾಖ ಇಳೀಲಿಲ್ಲ, ಕಾಲು ತೊಡರ್ತಾವ, ಬೆವರೇ ನಿಂತದ ಅಂದ್ರ ಡಾಕ್ಟರ್ ಬೇಕು, ಆಗಿಂದಾಗ.

ನೆಲದ ವಿಷಯ. ಕಲಬುರಗಿ, ಯಾದಗಿರಿ ಕಡೆ ಎರಿ ಭೂಮಿ. ಬ್ಯಾಸಿಗಿಯಾಗ ಬಿರುಕು ಬಿಡ್ತದ, ಗೊರಸು ಸಿಗೋವಷ್ಟು ಅಗಲ. ಒಂದು ಮಳಿ ಬಿದ್ರ ಲಾಳನೇ ಕಿತ್ತು ಬರೋವಷ್ಟು ಜಿಗುಟು. ವಾರ ಮೊದಲ ಕುಂಟಿ ಹೊಡದು, ನೀರು ಬಿಟ್ಟು, ಮ್ಯಾಲ ನಾಕು ಇಂಚು ಉಸುಕು ಇಲ್ಲಾ ಸಣ್ಣ ಮುರುಮ ಹರಡ್ರಿ. ಬೀದರಿನ ಕೆಂಪು ನೆಲ ಇದರ ಉಲ್ಟಾ, ಕಲ್ಲಿನಂಗ ಗಟ್ಟಿ. ಅಲ್ಲಿ ಕೆದರಿ ಮೆತ್ತಗ ಮಾಡಬೇಕು. ಗುಡಿ ಅಂಗಳದಾಗ ಶಹಾಬಾದ್ ಫರಸಿ ಹಾಸಿದ್ರ ಅಲ್ಲಿ ಕುದುರಿ ನಡೆಸಲೇಬ್ಯಾಡ್ರಿ. ಕಬ್ಬಿಣದ ಲಾಳ, ನುಣುಪು ಫರಸಿ, ಮ್ಯಾಲ ಭಕ್ತರು ಒಡದ ಟೆಂಗಿನಕಾಯಿ ನೀರು. ಇನ್ನೇನ್ ಬೇಕು ಬೀಳಾಕ?

ಕಟ್ಟೋ ಸಾಲಿನಾಗ ಹಗ್ಗವನ್ನ ನೇರ ಗೂಟಕ್ಕ ಬಿಗೀಬ್ಯಾಡ್ರಿ. ಗೂಟಕ್ಕ ಒಂದು ಸುತಳಿ ಕುಣಿಕಿ, ಆ ಕುಣಿಕಿಗೆ ಹಗ್ಗ, ಅದೂ ಒಂದೇ ಎಳತಕ್ಕ ಬಿಚ್ಚೋ ಗಂಟು. ಕುದುರಿ ಬೆದರಿ ಜಗ್ಗಿದ್ರ ಸುತಳಿ ಹರೀತದ, ಕುತ್ತಿಗಿ ಉಳೀತದ. ಸಡಲು ಎರಡಡಿ ಸಾಕು. ಉದ್ದ ಬಿಟ್ರ ಮುಂಗಾಲು ದಾಟಿಸ್ಕೋತದ. ಮೇವು ಕುದುರಿಯವರೇ ತರಲಿ, ಹೊಸ ಮೇವು ಹೊಟ್ಟಿ ನೋವು ತರ್ತದ. ಅಕ್ಕರಿಯಿಂದ ಪಕ್ಕದ ಹೊಲದ ಹಸಿ ಜೋಳದ ದಂಟು ಕೊಯ್ದು ತಂದು ಹಾಕೋರು ಇರ್ತಾರ, ಅವರನ್ನ ತಡೀರಿ. ಎಳೇ ಜೋಳ, ಕುಡಿ ಒಡದ ಕೂಳಿ ಜೋಳದಾಗ ವಿಷ ಇರ್ತದ.

ಕರೆಂಟ್ ಬಗ್ಗೆ ಒಂದೇ ಮಾತು: ಕುದುರಿ ಸಾಲಿನ ಹಾದಿಯಾಗ ನೆಲದ ಮ್ಯಾಲ ವೈರು ಇರಬಾರದು, ಪೆಂಡಾಲಿನ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಬಂದ್ ಆಗೋ ಸ್ವಿಚ್ಚು) ಇರಲೇಬೇಕು. ನಾಕು ಕಾಲು, ಕಬ್ಬಿಣದ ಲಾಳ, ಹಸಿ ನೆಲ. ಮನುಷ್ಯಾಗ ಜುಮ್ ಅನ್ನೋ ಕರೆಂಟು ಕುದುರಿಯನ್ನ ಕೆಡವ್ತದ.

ಮಂದಿ ನಿಂದ್ರೋ ಕಡೆ ಒಂದೇ ಸಾಲು ಬೊಂಬು ಕಟ್ಟಿ ಕೈ ಬಿಡ್ತಾರ. ಮಂದಿ ಅದಕ್ಕೇ ಜೋತು ಬೀಳ್ತಾರ, ಹುಡುಗರು ಕೆಳಗಿಂದ ತೂರತಾರ. ಎರಡು ಸಾಲು ಬೇಕು, ನಡುವ ಮೂರು ಮೀಟರ್ ಖಾಲಿ. ಕುದುರಿಯ ಹಿಂಗಾಲಿನ ಒದೆ ಅಷ್ಟು ದೂರ ಬರಂಗಿಲ್ಲ. ಹೊರ ಸಾಲಿಗೆ ಒಂದೂವರಿ ಅಡಿ ಎತ್ತರದಾಗ ಇನ್ನೊಂದು ಅಡ್ಡ ಬೊಂಬು, ಸಣ್ಣ ಹುಡುಗರ ಸಲುವಾಗಿ. ಮುಳ್ಳುತಂತಿ ಎಲ್ಲೂ ಬ್ಯಾಡ. ಪಟಾಕಿ, ಕಾಗದ ಹಾರಿಸೋ ಮಷೀನು, ತಲಿ ಮ್ಯಾಲ ಡ್ರೋನು ಬಂದ್. ಡಿಜೆ ಸೌಂಡು ಕಟ್ಟೋ ಸಾಲಿನ ಕಡೆ ಮಾರಿ ಮಾಡಿರಬಾರದು. ಬೀದರಿನಾಗ ಇನ್ನೊಂದು ಅದ: ವಾಯುಪಡೆ ತರಬೇತಿಯ ಹಾಕ್ ಜೆಟ್. ಊರ ಕುದುರಿಗೆ ರೂಢಿ, ಹೊರಗಿಂದ ಬಂದದ್ದು ಮೊದಲನೇ ಸಲ ಕೇಳಿದಾಗ ಎರಡು ಕಾಲ ಮ್ಯಾಲ ಏಳ್ತದ. ಹೊಸಬರನ್ನ ಹಿಂದಿನ ದಿನವೇ ಕರೆಸ್ರಿ.

ಕುದುರಿ ತಪ್ಪಿಸ್ಕೊಂಡ್ರ? ಬೈಕ್ ಹಾಕ್ಕೊಂಡು ಬೆನ್ನು ಹತ್ತೋ ಹುಡುಗರೇ ಅರ್ಧ ಅನಾಹುತ ಮಾಡ್ತಾರ. ಮೈಕಿನಾಂವಗ ಒಂದು ಚೀಟಿ ಬರೆದು ಕೊಟ್ಟಿರ್ರಿ: ‘ಎಲ್ಲಾರೂ ಇದ್ದಲ್ಲೇ ನಿಂದ್ರಿ, ಯಾರೂ ಓಡಬ್ಯಾಡ್ರಿ, ಒದರಬ್ಯಾಡ್ರಿ.’ ಅಷ್ಟನ್ನ ಮೆತ್ತಗಿನ ದನಿಯಾಗ ಮೂರು ಸಲ. ವಾದ್ಯ ಬಂದ್. ರಸ್ತೆ ಕಡೆ ಗೇಟು ಬಂದ್, ಅದು ಮೊದಲ ಕೆಲಸ. ಆಮ್ಯಾಲ ಒಬ್ಬನೇ ಒಬ್ಬ ಬಕೀಟಿನಾಗ ಕಡ್ಲಿ ಹಾಕ್ಕೊಂಡು ಅಲುಗಾಡಿಸ್ಕೋತ ಬಾಜೂಲಿಂದ ಹೋಗ್ಲಿ. ಇಲ್ಲಾ ಒಂದು ಶಾಂತ ಕುದುರಿಯನ್ನ ಕಾಣೋ ಹಂಗ ನಿಲ್ಲಿಸ್ರಿ, ತಾನೇ ಬರ್ತದ.

ಸವಾರ ಬಿದ್ರ ಎತ್ತಿ ನಿಲ್ಲಿಸಬ್ಯಾಡ್ರಿ, ಹೆಲ್ಮೆಟ್ ಕೀಳಬ್ಯಾಡ್ರಿ, ನೀರು ಕುಡಿಸಬ್ಯಾಡ್ರಿ. ಕುತ್ತಿಗಿ ಅಲುಗಾಡದಂಗ ಹಿಡದು 108ರವರು ಬರೋತನಕ ಕಾಯ್ರಿ. ತಲಿಗೆ ಪೆಟ್ಟು ಬಿದ್ದಾಂವ ‘ನಂಗೇನ್ ಆಗಿಲ್ಲ’ ಅಂತ ಎಷ್ಟು ಹೇಳಿದ್ರೂ ಅವತ್ತು ಮತ್ತ ಕುದುರಿ ಹತ್ತಬಾರದು. ಕುದುರಿ ಬಿದ್ರ 1962ಕ್ಕ ಫೋನ್ ಮಾಡ್ರಿ, ಅದು ಪಶು ಸಂಜೀವಿನಿ, ದನಕರುಗಳ ಆಂಬುಲೆನ್ಸು. ಅಖಾಡದಿಂದ ಹೊರಗ ಹೋಗೋ ನಾಕು ಮೀಟರ್ ಅಗಲದ ಹಾದಿಯಾಗ ಯಾವ ಗಣ್ಯರ ಕಾರೂ ನಿಂದರಬಾರದು. ಮರೆ ಮಾಡಾಕ ನಾಕು ತಾಡಪತ್ರಿ, ಕೋಲು ತಯಾರಿರಲಿ. ಕಾಲು ಮುರದ ಕುದುರಿಯ ಮುಂದ ಮೊಬೈಲ್ ಹಿಡದು ನಿಂದ್ರೋ ಮಂದಿ ನಡುವ ಡಾಕ್ಟರ್ ಕೆಲಸ ಮಾಡಾಕಾಗಂಗಿಲ್ಲ. ಉಳಿಯಂಗಿಲ್ಲ ಅಂದ್ರ ಡಾಕ್ಟರ್ ಮಾತೇ ಕಡೀದು ಅಂತ ಮಾಲೀಕರ ಒಪ್ಪಿಗಿ ಸಹಿಯನ್ನ ಹೆಸರು ನೋಂದಾಯಿಸೋ ಹೊತ್ತಿನಾಗೇ ತಗೊಂಡಿರ್ರಿ. ಆ ಗಳಿಗಿಯಾಗ ಸಹಿ ಕೇಳಾಕ ಯಾರಿಗೂ ಬಾಯಿ ಬರಂಗಿಲ್ಲ.

ಕಾಗದ ಪತ್ರ ಬೇಗ ಹೇಳ್ತೀನಿ: ಮಂದಿ ಸೇರೋ ಕುದುರಿ ಕಾರ್ಯಕ್ರಮ 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮದಾಗ ಬರ್ತದ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಕೇಳ್ತಾರ, ಜಿಲ್ಲಾಡಳಿತ, ಪೊಲೀಸ್, ಪಶುಸಂಗೋಪನೆಯವರ ಅನುಮತಿ ಬ್ಯಾರೆ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಕೈಯಳತಿಯಾಗದ, ಒಂದು ಪತ್ರ ಬರೀಯಾಕ ಏನು ಕಷ್ಟ?

ಡಾಕ್ಟರ್ ಜೊತಿ ಮಾತಾಡೋವಾಗ ಒಂದು ನೆನಪಿಡ್ರಿ. ಬಹುಮಾನ ಹಂಚಿದ ಕೂಡಲೆ ಡಾಕ್ಟರು, ಆಂಬುಲೆನ್ಸು, ಸ್ವಯಂಸೇವಕರು ಎಲ್ಲಾ ಊಟದ ಪೆಂಡಾಲಿಗೆ ಹೋಗ್ತಾರ. ಅದೇ ಹೊತ್ತಿಗೆ ದಣಿದ ಕುದುರಿ, ಅರ್ಧ ಕತ್ತಲಿ, ಊರಿಗೆ ಹೊಂಟ ಅವಸರದ ಡ್ರೈವರ್, ಮುರುಮ ಸವದ ಒಡ್ಡು. ಹತ್ತಿಸೋ ಕೆಲಸ ಇಳಿಸೋದಕ್ಕಿಂತ ಬಿರುಸು. ಒಡ್ಡಿನ ಮ್ಯಾಲ ಒಂದು ಲೈಟು ಹಾಕಿಸ್ರಿ, ಡಾಕ್ಟರ್ ಊಟ ಅಲ್ಲಿಗೇ ಕಳಿಸ್ರಿ. ಕಡೇ ಲಾರಿ ಗೇಟು ದಾಟಿದ ಮ್ಯಾಲ ಮಾತ್ರ ಪೆಂಡಾಲಿನವರಿಗೆ ಮೊಳೆ ಕೀಳಾಕ ಹೇಳ್ರಿ. ಕುದುರಿಗೆ ಧನುರ್ವಾಯು ಬಲು ಬೇಗ ಹತ್ತೋ ರೋಗ, ಒಂದು ಬಿದ್ದ ಮೊಳೆ ಸಾಕು.